ಖಾಲಿ ಬಿಡಬೇಕಿದ್ದ ಎರಡು ಸೊನ್ನೆ

ನನಗೆ ಸಿಟ್ಟು ಜಾಸ್ತಿ, ದಾಕ್ಷಿಣ್ಯ ಅದಕ್ಕಿಂತ ಜಾಸ್ತಿ. ಎರಡೂ ಸೇರಿ ಹೋದ ನವೆಂಬರಿನಲ್ಲಿ ನನ್ನ ಮಾನ ಕಳೆದವು.

ನಮ್ಮದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಹಿಲ್ಸ್‌ಬರೋದಿಂದ ಸ್ವಲ್ಪ ದೂರದ ಸಣ್ಣ ಊರು. ರೈಲು ಹಳಿಯ ಈಚೆ ಇಂಡಿಯಾದಿಂದ ಬಂದ ನಮ್ಮವರು, ಆಚೆ ಇಲ್ಲಿನ ಹಳಬರು. ಈಚೆ ಕಡೆ ಸೈಡ್‌ವಾಕೇ ಇಲ್ಲ. ಮಕ್ಕಳನ್ನು ನೋಡೋಕೆ ಅಂತ ಬಂದ ಅಪ್ಪ ಅಮ್ಮಂದಿರು ಜೀವ ಕೈಯಲ್ಲಿ ಹಿಡಿದು ಕಾರುಗಳ ಪಕ್ಕದಲ್ಲೇ ವಾಕಿಂಗ್ ಹೋಗಬೇಕು. ಕೌನ್ಸಿಲ್‌ನವರಿಗೆ ಹೇಳಿ ಹೇಳಿ ಬಾಯಿ ಒಣಗಿತು. ಅವರಿಗೇನು? ಇಲ್ಲಿ ವಾರ್ಡುಗಳೇ ಇಲ್ಲ. ಮೂರು ಸೀಟಿಗೂ ಇಡೀ ಊರೇ ವೋಟು ಹಾಕುತ್ತದೆ, ಜನ ಜಾಸ್ತಿ ಇರುವ ಆಚೆ ಕಡೆಯವರೇ ಮೂರನ್ನೂ ಬಾಚಿಕೊಳ್ಳುತ್ತಾರೆ.

ನನ್ನ ನಾದಿನಿ ಹೈಸ್ಕೂಲಿನಲ್ಲಿ ಹಿಸ್ಟರಿ ಟೀಚರ್. "ಅತ್ತಿಗೆ, ಒಂದು ಕಾಲದಲ್ಲಿ ನ್ಯೂಜೆರ್ಸಿ ವಾಷಿಂಗ್ಟನ್ನಿನ ಸಂಸತ್ತಿಗೂ ಹೀಗೇ ಆರಿಸಿ ಕಳಿಸ್ತಿತ್ತು. ಕ್ಷೇತ್ರ ಗಿತ್ರ ಏನಿಲ್ಲ, ಎಲ್ಲರಿಗೂ ಇಡೀ ರಾಜ್ಯದ ವೋಟು. ಒಂಚೂರು ಮುಂದಿದ್ದ ಪಕ್ಷ ಎಲ್ಲಾ ಸೀಟೂ ಗುಡಿಸ್ಕೊಂಡು ಹೋಗೋದು. ಅದನ್ನ ಕಾನೂನು ಮಾಡಿ ನಿಲ್ಲಿಸಿದ್ರು. ನಮ್ಮೂರಲ್ಲಿ ಯಾರೂ ನಿಲ್ಲಿಸಿಲ್ಲ," ಅಂದಳು. ಅಂದವಳು ತಾನೇ ಎಲೆಕ್ಷನ್‌ಗೆ ನಿಂತಳು.

ಗೆಲ್ಲೋಕೆ ಒಂದೇ ದಾರಿ. ಮೂವರಿಗೆ ಹಾಕಬಹುದಾದರೂ ನಮ್ಮವರು ಅವಳೊಬ್ಬಳಿಗೇ ಹಾಕಿ ಬ್ಯಾಲಟ್ಟಿನಲ್ಲಿ ಹೆಸರಿನ ಪಕ್ಕ ತುಂಬೋ ಸೊನ್ನೆಗಳಲ್ಲಿ ಉಳಿದೆರಡನ್ನ ಖಾಲಿ ಬಿಡಬೇಕು. ಬೇರೆಯವರಿಗೆ ಹಾಕಿದ ಒಂದೊಂದು ವೋಟೂ ಅವಳನ್ನೇ ಹಿಂದಕ್ಕೆ ತಳ್ಳುತ್ತದೆ. ಫೋನ್ ಮಾಡಿ ಇದನ್ನು ಎಲ್ಲರಿಗೂ ಹೇಳೋ ಕೆಲಸ ನನ್ನದು. ಹೇಳಿದೆ ಅನ್ನೋದಕ್ಕಿಂತ ಗದರಿಸಿದೆ. "ಎಲೆ ತುಂಬಾ ಬಡಿಸ್ಕೊಳ್ಳೋಕೆ ಇದೇನು ಮದುವೆ ಊಟನಾ ಆಂಟಿ? ಒಂದೇ ಹಾಕಿ!"

ಆಮೇಲೆ ಅಂಚೆಯಲ್ಲಿ ನನ್ನ ಬ್ಯಾಲಟ್ ಬಂತು. ಡೈನಿಂಗ್ ಟೇಬಲ್ ಮೇಲಿಟ್ಟುಕೊಂಡು ಮೊದಲು ನಾದಿನಿಯ ಸೊನ್ನೆ ತುಂಬಿದೆ. ಅದರ ಕೆಳಗೇ ಪಕ್ಕದ ಮನೆ ಮುದುಕರ ಹೆಸರು; ಈಚೆ ಕಡೆ ಉಳಿದುಕೊಂಡಿದ್ದ ಹಳಬರು, ಅವರೂ ಎಲೆಕ್ಷನ್‌ಗೆ ನಿಂತಿದ್ದರು. ನನ್ನ ಮಂಡಿ ಆಪರೇಷನ್ ಆದ ಚಳಿಗಾಲ ಪೂರ್ತಿ, ಕೇಳದೆಯೇ ನಮ್ಮ ಡ್ರೈವ್‌ವೇ ಹಿಮ ತೆಗೆದ ಮನುಷ್ಯ. ಕಿಟಕಿಯಲ್ಲಿ ನೋಡಿದರೆ ಎಲೆ ಗುಡಿಸುತ್ತಾ ನಿಂತಿದ್ದಾರೆ, ನನ್ನ ಕಡೆ ಕೈ ಬೇರೆ ಬೀಸಿದರು. ಅಯ್ಯೋ ದೇವರೇ! ನನ್ನ ಒಂದು ವೋಟಿನಿಂದ ನಾದಿನಿಗೇನೂ ಆಗೋದಿಲ್ಲ ಬಿಡು ಅಂದುಕೊಂಡು ಅವರದ್ದೂ ತುಂಬಿಬಿಟ್ಟೆ. ಇನ್ನೊಂದು ಯಾಕೆ ಖಾಲಿ ಇರಬೇಕು ಅಂತ ಯಾರೋ ಹೆಂಗಸಿಗೂ ಹಾಕಿದೆ.

ಎಲೆಕ್ಷನ್ ಮುಗಿದ ಮೇಲೂ ಅಂಚೆಯ ಬ್ಯಾಲಟ್ ಎಣಿಸುತ್ತಲೇ ಇದ್ದರು. ಮೊದಲೆರಡು ಸೀಟು ಯಾರಿಗೆ ಅನ್ನೋದು ತೀರ್ಮಾನವಾಗಿತ್ತು. ಮೂರನೆಯದಕ್ಕೆ ನಾದಿನಿಗೂ ಪಕ್ಕದ ಮನೆಯವರಿಗೂ ಹಗ್ಗಜಗ್ಗಾಟ. ದಿನಾ ಮಧ್ಯಾಹ್ನ ವೆಬ್‌ಸೈಟಿನಲ್ಲಿ ಅಂಕಿ ಬದಲಾಗುತ್ತಿತ್ತು. ಒಂದು ದಿನ ಇವಳು ಮುಂದೆ, ಮಾರನೇ ದಿನ ಅವರು. ನಾನು ಕಿಟಕಿಯ ಹತ್ತಿರ ಹೋಗೋದನ್ನೇ ಬಿಟ್ಟೆ.

ಕೊನೆಯ ಲೆಕ್ಕ ಬಂದ ದಿನ ನಾದಿನಿ ಸ್ಕೂಲಿನಿಂದ ಸೀದಾ ನಮ್ಮನೆಗೇ ಬಂದಳು. ಎರಡು ವೋಟಿನಲ್ಲಿ ಸೋತಿದ್ದಳು. ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

"ಒಂದು ಹೇಳಲಾ ಅತ್ತಿಗೆ? ಬೈಬೇಡಿ. ಬರೀ ನನ್ನ ಹೆಸರಿಗೇ ಹಾಕ್ಕೊಳ್ಳೋಕೆ ನಾಚಿಕೆ ಆಯ್ತು. ನಿಮ್ಮ ಪಕ್ಕದ ಮನೆಯವರಿಗೂ ಒಂದು ಹಾಕ್ದೆ."

ನನಗೆ ಮೈ ಉರಿದು ಹೋಯಿತು. "ನಿನಗೇನಾದ್ರೂ ಬುದ್ಧಿ ಇದೆಯಾ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತಾರೆ! ಊರಿಗೆಲ್ಲ ಪಾಠ ಹೇಳಿ ನೀನೇ ಹೀಗಾ? ಗಂಟಲು ಹರ್ಕೊಂಡು ಫೋನ್ ಮಾಡಿದ ನಾನು ಯಾವ ಹುಚ್ಚಿ?" ಬಾಯಿಗೆ ಬಂದಿದ್ದೆಲ್ಲ ಅಂದೆ. ಅವಳ ಮೇಲೆ ಕೂಗಿದಷ್ಟೂ ನನಗೆ ಹಗುರ ಆಗುತ್ತಿತ್ತು, ಅದೇ ದೊಡ್ಡ ಪಾಪ.

ಅವಳು ಕಣ್ಣೊರೆಸಿಕೊಂಡು, "ನನ್ನದು ಒಂದೇ ವೋಟು ಅಲ್ವಾ ಅತ್ತಿಗೆ, ಸೋತಿದ್ದು ಎರಡರಲ್ಲಿ. ಇನ್ನೊಂದು ಯಾರದ್ದೋ ಏನೋ," ಅಂದಳು.

ಎದುರು ಕುರ್ಚಿ ಎಳೆದುಕೊಂಡು ಕೂತೆ. ಅಷ್ಟು ಹೊತ್ತು ಕೂಗಿದ ಬಾಯಿಂದ "ನನ್ನದು" ಅನ್ನೋ ಒಂದು ಮಾತು ಹೊರಡಿಸೋಕೆ ನನಗೆ ಸಾಕುಸಾಕಾಯಿತು.