ಗೋಡೆಗೂ ತಲೆಗೂ ನಡುವೆ

ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ. ಹಿಂದಿನ ಕೋಣೆಯ ಗೋಡೆಯಲ್ಲಿ, ನಿಂತವನ ತಲೆಯ ಎತ್ತರಕ್ಕೆ, ಊಟದ ತಟ್ಟೆಯಷ್ಟು ಅಗಲದ ಎಣ್ಣೆಕಲೆಯೊಂದಿದೆ. ಬಣ್ಣದವನು ಅದನ್ನು ಉಜ್ಜಿ ಉಜ್ಜಿ ಸೋತು, "ಎಷ್ಟು ಕೋಟ್ ಹೊಡೆದ್ರೂ ಇದು ಮೇಲಕ್ಕೆ ಬರುತ್ತೆ ಸಾರ್. ಯಾರು ಇಲ್ಲಿ ದಿನಾ ತಲೆ ಒರಗಿಸ್ಕೊಂಡು ಯೋಚ್ನೆ ಮಾಡ್ತಿದ್ದಿದ್ದು?" ಎಂದ. ನಾನೇ ಎಂದೆ. ಅದು ಯೋಚನೆಯಲ್ಲ, ವ್ಯಾಯಾಮ ಎಂದಿದ್ದರೆ ಅವನು ನಂಬುತ್ತಿರಲಿಲ್ಲ. ನೀವು ನಂಬುತ್ತೀರೆಂದು ಹೇಳುತ್ತಿದ್ದೇನೆ.

ನನಗಿರುವುದು ಬೆನ್ನುಮೂಳೆಯ ಸಂಧಿವಾತ. ಕೀಲುಗಳಲ್ಲಿ ಉರಿಯೂತ ಶುರುವಾಗಿ, ವರ್ಷಗಳು ಕಳೆದಂತೆ ಒಂದು ಮೂಳೆ ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಬೇರೆ ನೋವಿಗೆ ಮಲಗಿದರೆ ಆರಾಮ. ಇದಕ್ಕೆ ಮಲಗಿದಷ್ಟೂ ಜಾಸ್ತಿ. ಬೆಳಗ್ಗೆ ಎದ್ದಾಗ ಬೆನ್ನು ಹಲಗೆಯ ಹಾಗಿರುತ್ತದೆ, ಅಲುಗಾಡಿದಂತೆಲ್ಲ ಬಿಡುತ್ತದೆ. ಅದಕ್ಕಾಗಿ ನಾವು ಹನ್ನೊಂದು ಜನ ವಾರಕ್ಕೆ ಮೂರು ದಿನ ಪದ್ಮನಾಭನಗರದ ಒಂದು ಟ್ಯೂಷನ್ ಕೇಂದ್ರದ ಮಹಡಿಯಲ್ಲಿ ಸೇರುತ್ತಿದ್ದೆವು. ಮಕ್ಕಳು ಬರುವುದರೊಳಗೆ ಬೆಂಚುಗಳನ್ನು ಬದಿಗೆ ಸರಿಸಿ, ಹಿಂದಿನ ಸಂಜೆಯ ಬೀಜಗಣಿತ ಬೋರ್ಡಿನ ಮೇಲಿರುವಂತೆಯೇ ಕೈಕಾಲು ಆಡಿಸುತ್ತಿದ್ದೆವು. ಹೇಳಿಕೊಡುತ್ತಿದ್ದವರು ಶ್ವೇತಾ ಮೇಡಂ, ಫಿಸಿಯೋಥೆರಪಿಸ್ಟ್. ನೋವಿದ್ದರೂ ಬನ್ನಿ, ಇಲ್ಲದಿದ್ದರೂ ಬನ್ನಿ ಎನ್ನುತ್ತಿದ್ದರು. ನಾವು ಅದನ್ನು ದೇವರ ಮಾತಿನಂತೆ ಹಿಡಿದುಕೊಂಡಿದ್ದೆವು.

ಕೊನೆಯಲ್ಲಿ ಎಲ್ಲರೂ ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಬೇಕು. ತಲೆ ಗೋಡೆಗೆ ಮುಟ್ಟುತ್ತದೆಯೇ, ಇಲ್ಲವಾದರೆ ಎಷ್ಟು ದೂರ ಎಂಬುದೇ ನಮ್ಮ ಪರೀಕ್ಷೆ. ನನ್ನ ಮನೆಯ ಗೋಡೆಯ ಕಲೆ ಇದನ್ನೇ ದಿನಾ ಅಭ್ಯಾಸ ಮಾಡಿ ಆದದ್ದು. ಮೇಡಂ ತಿಂಗಳಿಗೊಮ್ಮೆ ಟೇಪು ಹಿಡಿದು ಅಳೆಯುತ್ತಿದ್ದರು. ಉಳಿದ ದಿನಗಳಲ್ಲಿ ನಾವೇ ಬೆರಳು ತೂರಿಸಿ ನೋಡುತ್ತಿದ್ದೆವು. ಈ ಕೆಲಸಕ್ಕೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಬೆರಳು ದಪ್ಪ; ಬೇರೆಯವರ ನಾಲ್ಕು ಬೆರಳಿನ ಜಾಗ ನನಗೆ ಮೂರೇ ಆಗುತ್ತಿತ್ತು. ಇಷ್ಟು ಬೇಡಿಕೆ ನನಗೆ ಆಫೀಸಿನಲ್ಲೂ ಎಂದೂ ಇರಲಿಲ್ಲ. ಒಳಗೊಳಗೇ ಉಬ್ಬುತ್ತಿದ್ದೆ.

ಮಲ್ಲಣ್ಣನದು ನನ್ನ ಬೆರಳಿಗೂ ಐದು. ಮಲ್ಲಣ್ಣ ದಾವಣಗೆರೆ ಕಡೆಯವರು, ಬನಶಂಕರಿಯಲ್ಲಿ ಬಟ್ಟೆ ಅಂಗಡಿ, ಮನೆ ಕತ್ರಿಗುಪ್ಪೆ. ಕತ್ತು ಪೂರ್ತಿ ಬೆಸೆದುಕೊಂಡು ಮುಖ ಸದಾ ನೆಲದ ಕಡೆಗೆ ಬಾಗಿರುತ್ತಿತ್ತು. ಜನರನ್ನು ಅವರು ಗುರುತು ಹಿಡಿಯುತ್ತಿದ್ದದ್ದು ಚಪ್ಪಲಿಯಿಂದ. ನಾನು ಹೊಸ ಚಪ್ಪಲಿ ಕೊಂಡ ವಾರ ಬಾಗಿಲಲ್ಲೇ ತಡೆದು, ಹೊಸಬರಾ ಸಾರ್, ಹೆಸರು ಬರೆಸಿದ್ರಾ ಎಂದು ವಿಚಾರಿಸಿ ಎಲ್ಲರನ್ನೂ ನಗಿಸಿದ್ದರು.

ಆ ಸೋಮವಾರ ಮೇಡಂ ರಜೆಯಲ್ಲಿದ್ದರು. ಅವರಿಲ್ಲದ ದಿನ ಹಳಬರಲ್ಲೊಬ್ಬರು ನಡೆಸುವುದು ವಾಡಿಕೆ, ಹಾಗಾಗಿ ನಾನು ನಡೆಸಿದೆ. ಮಲ್ಲಣ್ಣ ತಡವಾಗಿ ಬಂದರು. ಹಿಂದಿನ ಸಂಜೆ ಬಚ್ಚಲಲ್ಲಿ ಜಾರಿ ಹಿಂದಕ್ಕೆ ಬಿದ್ದೆ, ಕತ್ತು ಒಂದು ಥರ ನೋಯುತ್ತಿದೆ, ನಿದ್ದೆ ಬರಲಿಲ್ಲ ಎಂದರು. ನನಗೂ ಆ ವಾರ ಕತ್ತು ನೋಯುತ್ತಿತ್ತು. ನಮ್ಮಲ್ಲಿ ಯಾರಿಗೆ ನೋಯುತ್ತಿರಲಿಲ್ಲ?

"ಇದು ನಮ್ಮ ಮಾಮೂಲಿ ನೋವೇ ಮಲ್ಲಣ್ಣ. ಎರಡು ಸುತ್ತು ಮಾಡಿ, ಬಿಡುತ್ತೆ," ಎಂದೆ.

ಮಾಡಿದರು. ಹಲ್ಲು ಕಚ್ಚಿಕೊಂಡು ಮಾಡಿದರು. ಆಮೇಲೆ ಗೋಡೆಗೆ ನಿಂತರು. ನಾನು ಬೆರಳು ತೂರಿಸಿದೆ. ಎರಡು. ಇನ್ನೊಮ್ಮೆ ನೋಡಿದೆ, ಎರಡೇ. ಎಲ್ಲರಿಗೂ ಕೇಳುವಂತೆ ಹೇಳಿದೆ. ಚಪ್ಪಾಳೆ ಬಿತ್ತು. ಮಲ್ಲಣ್ಣ ನೇರವಾಗಿ ನನ್ನ ಮುಖ ನೋಡುತ್ತಿದ್ದರು. ಐದು ವರ್ಷದ ಪರಿಚಯದಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಎದುರಾದದ್ದು ಅದೇ ಮೊದಲು.

"ನೀವು ಇಷ್ಟು ಎತ್ತರ ಇದೀರಾ ಸಾರ್?" ಎಂದರು.

ಬೆಸೆದುಕೊಂಡ ಮೂಳೆ ಒಂದೇ ದಿನಕ್ಕೆ ಸಡಿಲವಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಹೊಸಬರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆ ಕ್ಷಣ ನನಗೂ ನೆನಪಾಗಲಿಲ್ಲ, ಅಲ್ಲಿದ್ದ ಹತ್ತು ಜನರಲ್ಲಿ ಯಾರಿಗೂ ನೆನಪಾಗಲಿಲ್ಲ. ಇನ್ನೊಂದು ವಿಷಯ ಹೇಳಬೇಕು. ಇನ್ನೂ ಒಂದು ಬೆರಳು ಕಡಿಮೆ ಮಾಡೋಣ ಎಂದು, ಅವರ ಹಣೆಯ ಮೇಲೆ ಬಲ ಅಂಗೈಯಿಟ್ಟು ಹಿಂದಕ್ಕೆ ಒತ್ತಿದೆ. ಜೋರಾಗಿ ಅಲ್ಲ. ಮಗುವಿಗೆ ಜ್ವರ ನೋಡುವಾಗ ಇಡುತ್ತೇವಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚು.

ಕೈ ಜುಮ್ ಅನ್ನುತ್ತಿದೆ ಎಂದರು. ಕೊಡವಿ ಎಂದೆ. ನೀರಿನ ಬಾಟಲಿ ಎತ್ತಿಕೊಂಡರು, ಅದು ಜಾರಿ ಬಿತ್ತು. ಬೆಂಚಿನ ಮೇಲೆ ಕೂತರು, ಮತ್ತೆ ಏಳಲು ಆಗಲಿಲ್ಲ. ನಾವು ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಕೆಳಗಿಳಿಸಿ ಆಟೋ ಹತ್ತಿಸಿದೆವು. ಅದೂ ತಪ್ಪಂತೆ. ತಿರುವಿನಲ್ಲಿ ಕುರ್ಚಿ ವಾಲಿದಾಗ ಅವರು, "ನಿಧಾನ ಕಣ್ರಪ್ಪ, ಗಂಟು ಹೊತ್ತಂಗೆ ಹೊರಬೇಡಿ," ಎಂದದ್ದು ಕೇಳಿಸಿ ನಾವು ನಕ್ಕೆವು ಕೂಡ.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ನಮ್ಮಂಥವರ ಬೆನ್ನುಮೂಳೆ ಬಿದ್ದರೆ ಬಾಗುವುದಿಲ್ಲ, ಸೀಮೆಸುಣ್ಣದ ಕಡ್ಡಿಯಂತೆ ಮುರಿಯುತ್ತದೆ. ಭಾನುವಾರವೇ ಮುರಿದಿತ್ತು. ತಲೆ ಮೇಲೆದ್ದದ್ದು ಮುರಿದದ್ದರಿಂದ. ಒಳಗಿನ ನರಕ್ಕೆ ಪೆಟ್ಟಾದದ್ದು ಯಾವಾಗ ಎಂದು ಕೇಳಿದೆ. ವ್ಯಾಯಾಮದಲ್ಲಿರಬಹುದು, ಮೆಟ್ಟಿಲಲ್ಲಿರಬಹುದು, ಹೇಳಲಿಕ್ಕಾಗದು ಎಂದರು. ಅಂಗೈಯ ವಿಷಯವನ್ನೂ ಹೇಳಿದೆ. ಅದೂ ಇರಬಹುದು ಎಂದರು.

ಮಲ್ಲಣ್ಣನ ಹೆಂಡತಿ ಗಿರಿಜಕ್ಕನಿಗೂ ಆಸ್ಪತ್ರೆಯ ಕಾರಿಡಾರಿನಲ್ಲೇ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿ, "ಬೇಕಂತ ಮಾಡಿದ್ರಾ ನೀವು," ಎಂದರು. ಅದು ಪ್ರಶ್ನೆಯೋ ಸಮಾಧಾನವೋ ಇವತ್ತಿಗೂ ನನಗೆ ತಿಳಿದಿಲ್ಲ. ಮಲ್ಲಣ್ಣ ಈಗ ಮನೆಯಲ್ಲಿದ್ದಾರೆ. ಕಾಲು ಆಡುವುದಿಲ್ಲ, ಕೈಯಲ್ಲಿ ಭುಜವಷ್ಟೇ ಅಲುಗುತ್ತದೆ. ಭಾನುವಾರಗಳಲ್ಲಿ ಹೋಗುತ್ತೇನೆ. ಗಿರಿಜಕ್ಕ ಕಾಫಿ ಕೊಡುತ್ತಾರೆ. ಮೊದಲು ಲೋಟ ಕೈಗೆ ಕೊಡುತ್ತಿದ್ದರು. ಈಗ ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾರೆ.

ಗುಂಪು ನಿಂತಿಲ್ಲ. ನಿಲ್ಲಿಸಿದರೆ ಉಳಿದವರು ಬೇಗ ಬೆಸೆದುಹೋಗುತ್ತಾರೆ. ಶ್ವೇತಾ ಮೇಡಂ ಈಗ ಶುರು ಮಾಡುವ ಮೊದಲು ಈ ವಾರ ಯಾರಾದರೂ ಬಿದ್ದಿರಾ ಎಂದು ಕೇಳುತ್ತಾರೆ. ಅವರು ಮರೆತರೆ ನಾನು ಕೇಳುತ್ತೇನೆ. ಮರೆಯದಿದ್ದರೂ ಕೇಳುತ್ತೇನೆ. ಹೊಸಬರಿಗೆ ಅದೊಂದು ತಮಾಷೆಯಾಗಿದೆ.

ಹೋದ ಬುಧವಾರ ಮೇಡಂ ಇನ್ನೂ ಬಂದಿರಲಿಲ್ಲ, ನಾನೇ ಕೇಳಿದೆ. ಸಹನಾ ಎಂಬ ಹುಡುಗಿ, ಹುಳಿಮಾವಿನಿಂದ ಬರುವವಳು, ನಗುತ್ತಲೇ ಕೈ ಎತ್ತಿದಳು. ಸ್ಕೂಟರ್ ಸ್ಕಿಡ್ ಆಯಿತಂತೆ. "ಕತ್ತು ಸ್ವಲ್ಪ ಹಿಡ್ಕೊಂಡಿದೆ ಅಂಕಲ್, ಅಷ್ಟೇ. ಮಾಮೂಲಿ ನೋವು."

ನಾನು ಅವಳನ್ನು ಮುಟ್ಟಲಿಲ್ಲ. ಕತ್ತು ತಿರುಗಿಸಬೇಡಮ್ಮ, ಇದ್ದಂತೆಯೇ ಇರು ಎಂದು ಹೇಳಿ, ಅವಳ ದೃಷ್ಟಿ ಬೀಳುವಲ್ಲೇ ನಿಂತುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಂದವರಿಗೆ ಅವಳ ಕಾಯಿಲೆ ಏನೆಂದು ಎರಡು ಸಲ ಹೇಳಿದೆ. ಸ್ಕ್ಯಾನ್ ಆಯಿತು. ಏನೂ ಮುರಿದಿರಲಿಲ್ಲ. ಅವಳ ಅಪ್ಪ ಮಧ್ಯಾಹ್ನ ಫೋನ್ ಮಾಡಿ, ಸುಮ್ಮನೆ ಗಾಬರಿ ಹುಟ್ಟಿಸಿದಿರಿ, ಹುಡುಗಿಯ ಒಂದು ದಿನ ಹಾಳು, ನಿಮಗೆ ಮಾಡಲು ಬೇರೆ ಕೆಲಸ ಇಲ್ಲವೇ ಎಂದು ಬೈದರು. ಅವರು ಮುಗಿಸುವವರೆಗೂ ಫೋನ್ ಕಿವಿಗೆ ಹಿಡಿದುಕೊಂಡಿದ್ದೆ. ಅಷ್ಟು ನೆಮ್ಮದಿಯಿಂದ ನಾನು ಯಾವ ಬೈಗುಳವನ್ನೂ ಕೇಳಿರಲಿಲ್ಲ.

ಮಲ್ಲಣ್ಣನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವರು ಖಂಡಿತ ಸಂತೋಷಪಡುತ್ತಾರೆ. ಅದನ್ನು ನೋಡುವ ಧೈರ್ಯ ನನಗಿಲ್ಲ.