ವೈನಿ ಸಿನೆಮಾ

ಹಳೆಯ ಚಿತ್ರಗಳನ್ನು ಮನೆಯಲ್ಲಿ ನೋಡುವ ಬಗ್ಗೆ ನನಗೆ ಕೆಲವು ಖಚಿತವಾದ ಅಭಿಪ್ರಾಯಗಳಿವೆ. ಅವನ್ನು ಈವರೆಗೆ ಯಾರೂ ಕೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆ ಕಾಲದ ಚೌಕಾಕಾರದ ಚಿತ್ರವನ್ನು ಎಳೆದು ಟಿವಿಯ ಅಗಲಕ್ಕೆ ಹೊಂದಿಸಬಾರದು. ನನ್ನ ಮಗ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಮನೆಗೆ ಬಂದರೆ ನಾಯಕಿಯ ಮುಖವನ್ನು ರೊಟ್ಟಿ ತಟ್ಟಿದಂತೆ ಅಗಲ ಮಾಡಿ ನೋಡುತ್ತಾನೆ. ಕೇಳಿದರೆ, "ಇಷ್ಟ ದೊಡ್ಡ ಟಿವಿ ತಂದು ಎರಡೂ ಕಡೆ ಕರೀ ಪಟ್ಟಿ ನೋಡ್ಲೇನವ್ವಾ?" ಎನ್ನುತ್ತಾನೆ. ಹಾಡು ಬಂದ ಕೂಡಲೇ ಮುಂದೆ ಓಡಿಸುವವನೂ ಅವನೇ. ಹೀಗಾಗಿ ರಿಮೋಟ್ ನಡೆಸುವುದನ್ನು ನಾನೇ ಕಲಿತೆ. ಈಗ ಒಬ್ಬಳೇ ನೋಡುತ್ತೇನೆ.

ಮನೆಯಲ್ಲಿ ನೋಡುವುದರಿಂದ ಒಂದು ಲಾಭವುಂಟು. ಬೇಕಾದಲ್ಲಿ ನಿಲ್ಲಿಸಬಹುದು. ನಿಲ್ಲಿಸಿ ನೋಡಿದ್ದರಿಂದಲೇ ನನಗೆ ತಿಳಿಯಿತು, ಬಡ ಮಾಸ್ತರರ ಮನೆಯಲ್ಲಿರುವ ಗೋಡೆ ಗಡಿಯಾರವೇ ಮುಂದೆ ಸಾಹುಕಾರರ ಮನೆಯಲ್ಲೂ ತೂಗುತ್ತಿರುತ್ತದೆ. ಒಂದು ಚಿತ್ರದಲ್ಲಿ ನಾಯಕ ಅಳುತ್ತಿರುವಾಗ ಅವನ ಹಿಂದೆ ಕೊಡ ಹೊತ್ತು ಹೋಗುವ ಹೆಂಗಸು ಕ್ಯಾಮೆರಾದತ್ತ ಒಮ್ಮೆ ನೋಡಿ, ಥಟ್ಟನೆ ಮುಖ ತಿರುಗಿಸುತ್ತಾಳೆ. ಆ ದಿನ ಅವಳನ್ನು ಯಾರಾದರೂ ಬೈದರೇ? ಕೊಡದಲ್ಲಿ ನಿಜವಾಗಿಯೂ ನೀರಿತ್ತೇ? ಥಿಯೇಟರಿನಲ್ಲಿ ಇಂಥ ಪ್ರಶ್ನೆಗಳಿಗೆ ಪುರುಸೊತ್ತು ಸಿಗುವುದಿಲ್ಲ.

ಆದರೆ ರಿಮೋಟಿನ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಒಂದೇ ಒಂದು ಚಿತ್ರ ಸಿಕ್ಕೀತೆಂಬ ನಿರೀಕ್ಷೆಯಲ್ಲಿ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ತಮ್ಮ ತಮ್ಮ ನೆನಪಿನ ಕೊನೆಯನ್ನು ಹಿಡಿದುಕೊಂಡು ಮತ್ತಷ್ಟು ಜನ ಜಗಳಕ್ಕೆ ಬರುತ್ತಾರೆ. ಕಥೆ ಸರಳ. ತಾಯಿಯ ಮಾತು ಮೀರಿ ಮದುವೆಯಾದ ಮಗಳು, ಕೆಲವು ವರ್ಷಗಳ ಮೇಲೆ ಕೂಸನ್ನೆತ್ತಿಕೊಂಡು ತವರಿನ ಹೊಸ್ತಿಲಿಗೆ ಬರುತ್ತಾಳೆ. ತಾಯಿ ಅವಳನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹುಡುಗಿಯಾಗಿದ್ದಾಗ ಇದನ್ನು ಧಾರವಾಡದಲ್ಲಿ ಅವ್ವನ ಪಕ್ಕದಲ್ಲಿ ಕುಳಿತು ನೋಡಿದ್ದೆ. ಕೊನೆಗೆ ಬಾಗಿಲು ತೆರೆಯುತ್ತದೆ. ತಾಯಿ ತಂಬಿಗೆಯಲ್ಲಿ ನೀರು ತಂದು ಮಗಳ ಕಾಲಿಗೆ ಹಾಕುತ್ತಾಳೆ. ಇದರಲ್ಲಿ ನನಗೆ ಸಂದೇಹವಿರಲಿಲ್ಲ.

ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ ಇಲ್ಲಿಯ ಕನ್ನಡ ಮಂಡಳಿಯವರು ಒಂದು ಭಾನುವಾರ ಬೆಳಗಿನ ಆಟಕ್ಕೆ ಅದೇ ಚಿತ್ರವನ್ನು ತರಿಸಿದರು. ಮಾವನವರು ಮಂಡಳಿಯ ಹಿರಿಯರಲ್ಲೊಬ್ಬರು. ಮನೆಮಂದಿಯೆಲ್ಲ ಹೊರಟರು. ಮಧ್ಯಾಹ್ನ ಊಟಕ್ಕೆ ಬರುವವರಿದ್ದುದರಿಂದ ಹೊಸ ಸೊಸೆ ಅಡುಗೆಮನೆಯಲ್ಲಿ ಉಳಿದಳು. ಅದನ್ನೂ ನಾನು ಮರೆತಿಲ್ಲ.

ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದಾಗ ನನ್ನ ನಾದಿನಿ ಹೇಳಿದಳು, "ತಾಯಿ ಅಂದ್ರ ಹಂಗಿರಬೇಕು. ಹಾಕಿದ ಬಾಗಲಾ ತೆಗೀಲೇ ಇಲ್ಲ."

"ತೆಗೀತಾಳಲ್ಲ," ಎಂದೆ. "ನೀರ ತಂದು ಮಗಳ ಕಾಲಿಗೆ ಹಾಕ್ತಾಳ."

"ವೈನಿ, ನೀವು ಒಲಿ ಮುಂದ ಇದ್ರಿ. ಸಿನೆಮಾ ನೋಡಿ ಬಂದವರು ನಾವು."

ಮಾವನವರು ಅನ್ನ ಕಲಸುತ್ತ ನನ್ನತ್ತ ನೋಡಿದರು. "ನಿಮ್ಮ ಧಾರವಾಡದಾಗ ಬಾಗಲಾ ತಾವಽ ತೆರೀತಾವೇನವಾ?"

ಪಂಕ್ತಿಯೆಲ್ಲ ನಕ್ಕಿತು. ನನ್ನ ಯಜಮಾನರು ಅನ್ನದಲ್ಲಿ ಹರಳು ಹುಡುಕುವವರಂತೆ ತಟ್ಟೆ ನೋಡುತ್ತ ಕುಳಿತರು. ಅವರು ಈಗಿಲ್ಲ, ಇದ್ದಿದ್ದರೆ ಈ ಚಿತ್ರದ ಮುಂದೆ ಮೊದಲು ಅವರನ್ನೇ ಕೂರಿಸುತ್ತಿದ್ದೆ.

ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ಅಂದಿನಿಂದ ಈ ಮನೆತನದಲ್ಲಿ ನಂಬಲಾಗದ ಮಾತಿಗೆಲ್ಲ 'ವೈನಿ ಸಿನೆಮಾ' ಎಂಬ ಹೆಸರು ಬಿತ್ತು. ಹಾಲಿನವನ ನೆಪ, ನೆಂಟರ ಜಂಬ, ಚುನಾವಣೆಯ ಆಶ್ವಾಸನೆ ಎಲ್ಲವೂ ವೈನಿ ಸಿನೆಮಾ. ನಾನು ಏನನ್ನಾದರೂ ಆಣೆಯಿಟ್ಟು ಹೇಳಿದರೆ ಯಾರಾದರೊಬ್ಬರು ಮುಗುಳ್ನಗುತ್ತಿದ್ದರು. ಈಗ ನನ್ನ ಮಗನೂ ಮೇಲಧಿಕಾರಿಯ ಮಾತಿಗೆ ಹಾಗೆನ್ನುತ್ತಾನೆ. ಆ ವೈನಿ ತನ್ನ ತಾಯಿಯೆಂಬುದು ಅವನಿಗೆ ಗೊತ್ತಿಲ್ಲ. ಆ ಹೆಸರು ನನ್ನ ನಂತರವೂ ಉಳಿಯುತ್ತದೆಂಬುದೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಈ ವರ್ಷ ಯಾರೋ ಪುಣ್ಯಾತ್ಮರು ಆ ಚಿತ್ರವನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ಕಣ್ಣಿಗೆ ಬಿತ್ತು. ನಾನು ಮುಟ್ಟಲಿಲ್ಲ. ಸಾಕ್ಷಿಯಿಲ್ಲದೆ ನೋಡಿದರೆ ಅದೂ ವೈನಿ ಸಿನೆಮಾ ಆಗುತ್ತಿತ್ತು. ಖಡಕಿಯಲ್ಲಿರುವ ನಾದಿನಿಗೆ ಫೋನು ಮಾಡಿದೆ.

"ಶನಿವಾರ ಮಧ್ಯಾಹ್ನ ಬಾ. ಚಹಾ, ಚೂಡಾ ಎಲ್ಲಾ ಅದ."

"ಏನ ವಿಶೇಷ್ರಿ?"

"ಬಾಗಲದ ವಿಷಯ."

ಯಾವ ಬಾಗಿಲೆಂದು ಅವಳು ಕೇಳಲಿಲ್ಲ. ಮರೆಯದವಳು ನಾನೊಬ್ಬಳೇ ಅಲ್ಲವೆಂದು ಆಗ ತಿಳಿಯಿತು.

ಬಂದಳು. ಮೊಣಕಾಲು ಹಿಡಿದುಕೊಂಡು ಸೋಫಾದಲ್ಲಿ ಕುಳಿತಳು. ಟಿವಿಯ ಮೇಲ್ಗಡೆ ಗಂಧದ ಹಾರ ಹಾಕಿದ ಮಾವನವರ ಫೋಟೋ ಇತ್ತು. ಕರೀ ಪಟ್ಟಿಗಳನ್ನು ಹಾಗೇ ಬಿಟ್ಟು, ಒಂದು ಹಾಡನ್ನೂ ದಾಟಿಸದೆ ಚಿತ್ರ ಓಡಿಸಿದೆ. ತಾಯಿ ಬಾಗಿಲು ಹಾಕಿಕೊಂಡ ಕೂಡಲೇ ನಾದಿನಿ, "ಆತಲ್ಲ, ಮುಗೀತು," ಎಂದು ಮುಂದಕ್ಕೆ ಜರುಗಿ, ಥಿಯೇಟರಿನ ಕುರ್ಚಿಯ ಕೆಳಗೆ ಹುಡುಕುವಂತೆ ಕಾಲಿನಿಂದ ಚಪ್ಪಲಿ ತಡಕಾಡಿದಳು. ಚಪ್ಪಲಿಗಳು ಹೊರಬಾಗಿಲಲ್ಲಿದ್ದವು. ಅವಳು ಕುಳಿತದ್ದು ಸೋಫಾದ ಮೇಲೆ.

"ಕೂಡು," ಎಂದೆ.

ಪರದೆಯ ಮೇಲೆ ಸಂಜೆಯಾಯಿತು. ಮಗಳು ತುಳಸಿಕಟ್ಟೆಗೆ ಒರಗಿ ಕೂಸನ್ನು ಮಲಗಿಸಿದಳು. ಬಾಗಿಲು ತೆರೆಯಿತು. ತಾಯಿ ತಂಬಿಗೆ ಹಿಡಿದು ಬಂದಳು, ಅದನ್ನು ಹೊಸ್ತಿಲ ಮೇಲಿಟ್ಟಳು, ಒಂದು ಮಾತೂ ಆಡದೆ ಒಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ. ಮಗಳು ತಾನೇ ಕಾಲಿಗೆ ನೀರು ಹಾಕಿಕೊಂಡು ಒಳಗೆ ನಡೆದಳು. ಶುಭಂ.

ನಾದಿನಿ ಮತ್ತೆ ಸೋಫಾಕ್ಕೆ ಒರಗಿದಳು. ಆಮೇಲೆ, "ಬಾಗಲಾ ತೆಗದ್ಳು, ಖರೆ. ಆದ್ರ ನೀರ ಆಕಿ ಹಾಕ್ಲಿಲ್ಲ ವೈನಿ. ಮಗಳಽ ಹಾಕ್ಕೊಂಡ್ಳು," ಎಂದಳು.

ಹಿಂದಕ್ಕೆ ಓಡಿಸಿ ನೋಡಿದೆ. ಆ ಮಾತು ಸರಿಯಾಗಿತ್ತು. ಹಾಗಾದರೆ ನನ್ನ ನೆನಪಿನಲ್ಲಿ ನೀರು ಹಾಕಿದ ಆ ಕೈ ಯಾರದು? ಅಕ್ಕ ತವರಿಗೆ ಬಂದಾಗಲೆಲ್ಲ ಅವ್ವ ಬಾಗಿಲಲ್ಲೇ ನಿಲ್ಲಿಸಿ ಕಾಲಿಗೆ ನೀರು ಹಾಕುತ್ತಿದ್ದಳು. ಆ ಕೈಯೇ ಪರದೆಗೆ ಹೋಗಿ ಸೇರಿಕೊಂಡಿತೋ ಏನೋ. ಈಗಲೂ ಯೋಚಿಸುತ್ತೇನೆ.

"ಹಂಗಾರ ಅವತ್ತ ನಾವು ನೋಡಿದ್ದೇನು?" ನಾದಿನಿ ತನ್ನಷ್ಟಕ್ಕೇ ಕೇಳಿಕೊಂಡಳು.

"ಶುರು ಯಾವಾಗ ಆಗಿತ್ತು?"

"ಲಗೂನ ಎಲ್ಲಿ ಶುರು ಆಗ್ತದ್ರಿ. ಮೊದಲ ಸತ್ಕಾರ ಇತ್ತಲ್ಲ. ಶಾಲು, ಹಾರ, ಶ್ರೀಫಲ. ಆಮ್ಯಾಲೆ ಅಪ್ಪನ ಭಾಷಣ."

ಪುಣೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರಿಗಾದರೂ ಶಾಲು ಹೊದಿಸದೆ ಯಾವ ಪರದೆಯೂ ಏಳುವುದಿಲ್ಲ. ಥಿಯೇಟರು ನಮಗೆ ಸಿಕ್ಕದ್ದು ಮಧ್ಯಾಹ್ನದ ಮರಾಠಿ ಆಟದವರೆಗೆ ಮಾತ್ರ.

"ಇಂಟರ್ವಲ್ಲಿನ್ಯಾಗ ಆಪರೇಟರ್ ಬಂದು ಅಪ್ಪನ ಕಿವ್ಯಾಗ ಏನೋ ಅಂದ," ನಾದಿನಿ ನಿಧಾನವಾಗಿ ಹೇಳಿದಳು. "ಅಪ್ಪ ಕೈ ಹಿಂಗ ಮಾಡಿದ್ರು." ತಟ್ಟೆಯ ಮೇಲಿನ ನೊಣ ಓಡಿಸುವಂತೆ ಕೈಬೀಸಿ ತೋರಿಸಿದಳು. "ಸಿನೆಮಾ ಮುಗಿದಾಗ ಬಾಗಲದಾಗ ಮರಾಠಿ ಮಂದಿ ನಿಂತಽ ಬಿಟ್ಟಿದ್ರು."

ಇಬ್ಬರೂ ಫೋಟೋದತ್ತ ನೋಡಿದೆವು. ಮಾವನವರ ಭಾಷಣ ಕೊನೆಯ ರೀಲನ್ನು ನುಂಗಿತ್ತು. ಅದು ಡಬ್ಬಿಯಲ್ಲೇ ಉಳಿದದ್ದು ತಿಳಿದಿದ್ದ ಮನುಷ್ಯ ನನ್ನ ಕೈಯ ಸಾರು ಉಂಡು, ಧಾರವಾಡದ ಬಾಗಿಲುಗಳ ಬಗ್ಗೆ ವಿಚಾರಿಸಿದ್ದರು. ಮಂಡಳಿಗೆ ಕೆಟ್ಟ ಹೆಸರು ಬಂದೀತೆಂದು ಅಂಜಿದರೋ? ನಿಜಕ್ಕಿಂತ ಮೊದಲು ಚೇಷ್ಟೆಯ ಮಾತೇ ನಾಲಿಗೆಗೆ ಬಂತೋ? ಅಥವಾ ಒಂದು ರೀಲಿನಲ್ಲಿ ಅಂಥದ್ದೇನಿದ್ದೀತೆಂದು ಅವರಿಗೆ ಅನಿಸಿತ್ತೋ? ಕೋಪಕ್ಕಿಂತ ಈ ಕುತೂಹಲವೇ ನನ್ನನ್ನು ಹೆಚ್ಚು ಪೀಡಿಸುತ್ತಿದೆ. ಅಂದಿನ ಪಂಕ್ತಿಯನ್ನು ಹಿಂದಕ್ಕೆ ಓಡಿಸಿ, ಅವರ ಮುಖದ ಮೇಲೆ ನಿಲ್ಲಿಸಿ ನೋಡಲು ಯಾವ ರಿಮೋಟಿನಿಂದಲೂ ಆಗದು.

"ಈಗ ನೀನಽ ಎಲ್ಲಾರಿಗೂ ಹೇಳಬೇಕು," ಎಂದೆ ನಾದಿನಿಗೆ.

ಹೇಳಿದಳು. ಮರುದಿನ ಸಂಜೆ ಅವಳಿಂದ ಫೋನು ಬಂತು. "ತಂಗಿಗೆ ಹೇಳಿದ್ರ ನಗ್ತಾಳ್ರಿ ವೈನಿ. ನಾ ಕಣ್ಣಾರೆ ನೋಡೀನಿ ಅಂದ್ರ, 'ಏ, ವೈನಿ ಸಿನೆಮಾ ಹೇಳಬ್ಯಾಡ' ಅಂತಾಳ. ನನಗ! ಇಷ್ಟು ವಯಸ್ಸಾದಾಕಿಗೆ!"

"ಭಾಳ ಸಿಟ್ಟ ಬರ್ತದಲ್ಲ?" ಎಂದೆ.

"ಹೌದ್ರಿ," ಎಂದಳು.

ಬರುವ ಭಾನುವಾರ ಎಲ್ಲರನ್ನೂ ಕರೆದಿದ್ದೇನೆ, ಮಗನೂ ಮನೆಯಲ್ಲಿರುತ್ತಾನೆ. ಸತ್ಕಾರವಿಲ್ಲ, ಭಾಷಣವಿಲ್ಲ. ಮಾವನವರ ಫೋಟೋವನ್ನು ಟಿವಿಯ ಮೇಲಿಂದ ತೆಗೆಸಿ ಎದುರಿನ ಗೋಡೆಗೆ ಹಾಕಿಸಿದ್ದೇನೆ. ಅಲ್ಲಿಂದ ಪರದೆ ನೇರವಾಗಿ ಕಾಣುತ್ತದೆ.