ಕುರಿ ತುಳಿದ ಹೊಂಡ

ಮಾಂಟೆನೆಗ್ರೊದ ಆ ಬೆಟ್ಟದ ಮೇಲೆ ರಾಷ್ಟ್ರೀಯ ಉದ್ಯಾನ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ವಿದೊಸಾವಳ ಗಂಡನ ಮನೆಯವರ ಬೇಸಿಗೆ ಹಟ್ಟಿ ಇತ್ತು. ಜೂನ್ ಬಂತೆಂದರೆ ಎಪ್ಪತ್ತು ಕುರಿ ಹೊಡೆದುಕೊಂಡು ಅವಳು ಮೇಲೆ ಹೋಗುವಳು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಚೀಸಿನ ಪೀಪಾಯಿಗಳ ಸಮೇತ ಇಳಿಯುವಳು. ಗಂಡ ತೀರಿಕೊಂಡ ಮೇಲೂ ಹನ್ನೊಂದು ವರ್ಷ ಇದು ತಪ್ಪಿರಲಿಲ್ಲ. ಮಾತು ಕಡಿಮೆ, ಹಿಡಿದದ್ದನ್ನು ಬಿಡುವ ಜಾತಿಯಲ್ಲ ಎಂದು ಊರಿನವರು ಅವಳ ಬಗ್ಗೆ ಹೇಳುತ್ತಿದ್ದರು.

ಉದ್ಯಾನಕ್ಕೆ ಹತ್ತು ವರ್ಷಕ್ಕೊಂದು ನಿರ್ವಹಣಾ ಯೋಜನೆ. ಎಲ್ಲಿ ಮೇಯಿಸಬಹುದು, ಎಲ್ಲಿ ಮರ ಕಡಿಯಬಾರದು, ಎಲ್ಲಿ ಕಾಲೇ ಇಡಬಾರದು, ಎಲ್ಲವೂ ಅದರಲ್ಲಿ. ಹಳೆಯದರ ಅವಧಿ ಮುಗಿದು, ಹೊಸದರ ಕರಡನ್ನು ಮಾರ್ಚಿನಲ್ಲಿ ಪಂಚಾಯಿತಿ ಕಚೇರಿಯಲ್ಲಿ ಇಟ್ಟರು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದುಕೊಡಬೇಕಿತ್ತು. ಅವಳ ಮೈದುನ ರಾದಿಸಾವ ಅದನ್ನು ನೋಡಿಕೊಂಡು ನೇರ ಅವಳ ಅಡುಗೆಮನೆಗೆ ಬಂದ.

"ಅತ್ತಿಗೆ, ನಕ್ಷೆಯಲ್ಲಿ ನಮ್ಮ ಹಟ್ಟಿ ಹೊಂಡಕ್ಕೆ ಕೆಂಪು ಬಳಿದವ್ರೆ. ಇನ್ನು ಅಲ್ಲಿಗೆ ಕುರಿಯೂ ಇಲ್ಲ, ನಾವೂ ಇಲ್ಲ."

"ಯಾಕಂತೆ?"

"ಅದೇನೋ ನೀರುಹಲ್ಲಿ ಇದೆಯಂತಲ್ಲ, ಹೊಟ್ಟೆ ಕೆಂಪಗಿರೋದು, ಅದನ್ನ ಉಳಿಸೋಕಂತೆ. ಹಲ್ಲಿಗಿರೋ ಮರ್ಯಾದೆ ನಮಗಿಲ್ಲ."

"ಹಲ್ಲಿ ನಿನ್ನಷ್ಟು ಗಲಾಟೆ ಮಾಡಲ್ಲ, ಅದಕ್ಕೇ ಇರಬೇಕು," ಎಂದು ಅವನ ಮುಂದೆ ಕಾಫಿ ಇಟ್ಟಳು. "ಆ ಪುಸ್ತಕ ತಂದುಕೊಡು. ಓದ್ತೀನಿ."

"ಇನ್ನೂರ ಹದಿನಾಲ್ಕು ಪುಟ ಇದೆ."

"ಇರಲಿ. ಕುರಿ ಈಯೋದಕ್ಕೆ ಇನ್ನೂ ಎರಡು ವಾರ ಇದೆ."

ಓದಿದಳು. ತಿಳಿಯದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಶಾಲೆಯ ಮೇಷ್ಟ್ರ ಹತ್ತಿರ ಅರ್ಥ ಕೇಳಿಕೊಂಡು ಬಂದಳು. ತೊಂಬತ್ತೊಂದನೆಯ ಪುಟದಲ್ಲಿ 'ನೈಸರ್ಗಿಕ ಜಲಾಶಯ' ಎಂದಿದ್ದದ್ದು ಕಣ್ಣಿಗೆ ಬಿದ್ದಾಗ ಪೆನ್ಸಿಲು ಕೆಳಗಿಟ್ಟು ನಕ್ಕಳು. ಅದು ಅವಳ ಗಂಡನ ಮುತ್ತಜ್ಜ ಅಗೆದ ಹೊಂಡ. ಸುಣ್ಣಕಲ್ಲಿನ ಬೆಟ್ಟ, ಬಿದ್ದ ಮಳೆ ಬಿದ್ದಲ್ಲೇ ಇಂಗಿಹೋಗುತ್ತದೆ. ತಳಕ್ಕೆ ಜೇಡಿ ಹಾಸಿ, ವರ್ಷವರ್ಷವೂ ನೀರು ತಗ್ಗಿದಾಗ ಕುರಿಗಳನ್ನು ಇಳಿಸಿ ಸುತ್ತ ಓಡಾಡಿಸಿ ತುಳಿಸಿದರೆ ಮಾತ್ರ ಅಲ್ಲಿ ನೀರು ನಿಲ್ಲುತ್ತದೆ.

ಒಂಬತ್ತು ಆಕ್ಷೇಪಣೆಗಳನ್ನು ಬರೆದು, ಒಂದೊಂದಕ್ಕೂ ಪುಟಸಂಖ್ಯೆ ಹಾಕಿ ಕೊಟ್ಟಳು. ಅಹವಾಲು ಸಭೆಯ ದಿನ ಎಲ್ಲರೂ ಒಟ್ಟಿಗೇ ಕೂಗಾಡಿದರು. ಯೋಜನೆ ಬರೆಯುವ ತಂಡದ ಮುಖ್ಯಸ್ಥ ಬ್ಲಾಜೊ ಹಣೆ ಒರೆಸಿಕೊಳ್ಳುತ್ತ ಕೂತಿದ್ದ. ಗದ್ದಲ ಒಂದಿಷ್ಟು ತಗ್ಗಿದ ಮೇಲೆ ವಿದೊಸಾವ ಎದ್ದಳು.

"ಸ್ವಾಮಿ, ನಿಮ್ಮ ಹಲ್ಲಿ ಉಳೀಬೇಕು ಅಂತ ನನಗೂ ಆಸೆ. ಅದಕ್ಕೇ ಕೇಳ್ತಿದೀನಿ. ಕುರಿ ಬರದೆ ಹೋದ್ರೆ ಆ ಹೊಂಡದಲ್ಲಿ ಎಷ್ಟು ವರ್ಷ ನೀರಿರುತ್ತೆ?"

ಬ್ಲಾಜೊ ಪಕ್ಕದಲ್ಲಿದ್ದ ಜೀವವಿಜ್ಞಾನಿ ತಿಯಾನಾಳತ್ತ ನೋಡಿದ. ಕರಡಿನ ಆ ಅಧ್ಯಾಯ ಬರೆದವಳು ಅವಳೇ.

"ನೀರು ಎಲ್ಲಿಗಮ್ಮ ಹೋಗುತ್ತೆ?" ಎಂದಳು ತಿಯಾನಾ.

"ಅದನ್ನ ಇಲ್ಲಿ ಕೂತು ಹೇಳೋಕಾಗಲ್ಲ ಮಗಳೆ. ಗಟ್ಟಿ ಬೂಟು ಹಾಕ್ಕೊಂಡು ಬಾ, ತೋರಿಸ್ತೀನಿ."

ಸಭೆ ನಕ್ಕಿತು. ತಿಯಾನಾ ನಗಲಿಲ್ಲ, ಯಾವ ದಿನ ಬರಲಿ ಎಂದು ಕೇಳಿ ಬರೆದುಕೊಂಡಳು.

ಮೇ ಕೊನೆಯಲ್ಲಿ ಇಬ್ಬರೂ ಬೆಟ್ಟ ಹತ್ತಿದರು. ವಿದೊಸಾವ ಅವಳನ್ನು ತನ್ನ ಹೊಂಡಕ್ಕೆ ಕರೆದೊಯ್ಯಲಿಲ್ಲ. ದಿಬ್ಬದಾಚೆಗಿನ ಹಟ್ಟಿಗೆ ಕರೆದೊಯ್ದಳು. ಅಲ್ಲಿಯವರು ಹದಿನೆಂಟು ವರ್ಷದ ಹಿಂದೆ ಕುರಿ ಮಾರಿ ಪಟ್ಟಣ ಸೇರಿದ್ದರು. ಅವರ ಹೊಂಡವೆಂದರೆ ಈಗ ತುರಿಕೆಗಿಡ ತುಂಬಿದ ತಗ್ಗು. ತಿಯಾನಾ ಇಳಿದು ಮಣ್ಣು ಕೆದಕಿದಳು. ಜೇಡಿ ಬಿರುಕು ಬಿಟ್ಟು, ಬಿರುಕಿನಲ್ಲಿ ಬೇರು ಇಳಿದಿತ್ತು.

"ಇಲ್ಲೂ ನೀರುಹಲ್ಲಿ ಇತ್ತಾ?"

"ಬೊಗಸೆ ತುಂಬ."

ತಿಯಾನಾ ಕೈಗಂಟಿದ ಮಣ್ಣು ಕೊಡವಿಕೊಂಡಳು. "ನಾನು ಬರೆದದ್ದು ತಪ್ಪು," ಎಂದಳು.

"ಅರ್ಧ ಸರಿ ಇತ್ತು. ನಡಿ, ಕಾಚಮಾಕ್ ಆರಿಹೋಗುತ್ತೆ." ತನ್ನ ಹಟ್ಟಿಯಲ್ಲಿ ವಿದೊಸಾವ ಆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ಕೆನೆ ಸುರಿದು ಬಡಿಸುವಾಗ ತಿಯಾನಾ ತನ್ನ ಕಡೆಯ ಮಾತನ್ನೂ ಹೇಳಿದಳು: ನೀರುಹಲ್ಲಿಯ ಮರಿಗಳು ನೀರಲ್ಲಿರುವಾಗ ಕುರಿ ಇಳಿದರೆ ಆ ಮರಿಗಳು ಸತ್ತುಹೋಗುತ್ತವೆ. ವಿದೊಸಾವ ಇದನ್ನು ಯೋಚಿಸಿರಲಿಲ್ಲ. ಯೋಚಿಸಿದಳು, ಒಪ್ಪಿದಳು.

ಶರತ್ಕಾಲದಲ್ಲಿ ತಿದ್ದಿದ ಕರಡು ಬಂತು. ಹೊಂಡದ ಸುತ್ತ ಹಳದಿ ಬಣ್ಣ, ಅಂದರೆ ಷರತ್ತಿನ ಮೇಲೆ ಬಳಕೆ. ಕುರಿಗಳು ಬೇಸಿಗೆಯಲ್ಲಿ ಹೊರಗಿನ ತೊಟ್ಟಿಯಲ್ಲಿ ಕುಡಿಯಬೇಕು, ಸೆಪ್ಟೆಂಬರ್ ಒಂದರ ನಂತರ ಹೊಂಡ ತುಳಿಯಬಹುದು. ಕೊನೆಯಲ್ಲಿ ಎಲ್ಲರ ಆಕ್ಷೇಪಣೆಗಳ ಪಟ್ಟಿ, ಎದುರಿಗೆ ಉತ್ತರ. ಅವಳ ಒಂಬತ್ತರಲ್ಲಿ ಐದನ್ನು ಒಪ್ಪಿದ್ದರು, ಎರಡನ್ನು ಭಾಗಶಃ, ಎರಡನ್ನು ತಳ್ಳಿಹಾಕಿದ್ದರು. ತಳ್ಳಿದ್ದರಲ್ಲಿ ಕುರಿ ಹೊಡೆದುಕೊಂಡು ಹೋಗುವ ಕಾಡಿನ ಒಳದಾರಿಯೂ ಒಂದು. ಅಲ್ಲಿ ಕರಡಿ ಮರಿಹಾಕುತ್ತದೆಂದು ಕಾರಣ ಕೊಟ್ಟಿದ್ದರು. ಮಂದೆಗೆ ಒಂದು ಗಂಟೆ ಸುತ್ತು. ಬೈದುಕೊಂಡೇ ಸುತ್ತಿದಳು, ಆದರೆ ಸುತ್ತಿದಳು.

ಐದು ವರ್ಷಕ್ಕೆ ಮಧ್ಯಂತರ ಪರಿಶೀಲನೆ ಬಂದಾಗ ಹಟ್ಟಿಗಳ ಪರವಾಗಿ ಸಮಿತಿಯಲ್ಲಿ ಕೂರಲು ಊರು ಅವಳನ್ನೇ ಆರಿಸಿತು. ನೀರುಹಲ್ಲಿಗಳ ಎಣಿಕೆ ಒಂದೂವರೆ ಪಟ್ಟು ಆಗಿತ್ತು. ಬ್ಲಾಜೊ ಖುಷಿಯಿಂದ ಮುಂದಿನ ಪುಟ ತಿರುಗಿಸಲು ಹೋದ.

"ಸ್ವಲ್ಪ ತಡೀರಿ," ಎಂದಳು ವಿದೊಸಾವ. "ಸೆಪ್ಟೆಂಬರ್ ಒಂದು ಅಂತಿದೆಯಲ್ಲ, ಅದು ತಪ್ಪು. ಹಿಮ ತಡವಾಗಿ ಕರಗಿದ ವರ್ಷ ಮರಿಗಳು ಆಗಿನ್ನೂ ನೀರಲ್ಲೇ ಇರ್ತವೆ. ಎರಡು ಸಲ ನೋಡಿದೀನಿ. ಉದ್ಯಾನದ ಕಾವಲುಗಾರರು ಹೋಗಿ ನೋಡಿ, ಮರಿ ಇಲ್ಲ ಅಂದಮೇಲೆ ತುಳಿಸೋಣ."

ರಾದಿಸಾವ ಹಿಂದಿನ ಬೆಂಚಿನಿಂದ, "ಅತ್ತಿಗೆ, ನೀನು ಯಾರ ಕಡೆ?" ಎಂದ.

"ಹೊಂಡದ ಕಡೆ. ಸುಮ್ಮನೆ ಕೂತ್ಕೊ."

ತಿಯಾನಾ ಅನುಮೋದಿಸಿದಳು. ತಿದ್ದುಪಡಿಗೆ ಮತ ಹಾಕಿದರು. ಎಲ್ಲ ಕೈಗಳೂ ಮೇಲೆದ್ದವು, ತುಸು ತಡವಾಗಿ ಕುರಿ ಸಾಕುವವರದ್ದೂ. ಬ್ಲಾಜೊ ಬೇರೇನಾದರೂ ವಿಷಯ ಇದೆಯೇ ಎಂದು ಕೇಳಿದಾಗ ವಿದೊಸಾವ ಮೇಲಂಗಿಯ ಜೇಬಿನಿಂದ, ಪುಟಸಂಖ್ಯೆ ಹಾಕಿ ಬರೆದ ಮಡಿಸಿದ ಹಾಳೆಯೊಂದನ್ನು ತೆಗೆದಳು.